ಎರೆ ಮಣ್ಣಿನ ಕುಂಡ, ಹಳದಿ ಕರಿಬೇವು: ಮನೆ ತೋಟದ ಪ್ರಶ್ನೋತ್ತರ

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ): ನಮಸ್ಕಾರ ಸರ್. ಮಾಳಿಗೆಯ ಮೇಲೆ ಕುಂಡದಲ್ಲಿರುವ ನಮ್ಮ ಕರಿಬೇವಿನ ಗಿಡದ ತುದಿಯ ಎಳೆ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದಿವೆ. ಮಣ್ಣನ್ನು ನವಲಗುಂದದ ಹೊಲದಿಂದ ತರಿಸಿದ್ದೇವೆ. ಮೊಟ್ಟೆಯ ಸಿಪ್ಪೆಯ ಪುಡಿ, ಒಲೆಯ ಬೂದಿ ಹಾಕುತ್ತೇನೆ. ನಳದ ನೀರು ದಿನವೂ ಬರುವುದಿಲ್ಲವಾದ್ದರಿಂದ ಆರ್‌ಒ ಯಂತ್ರ ಹೊರಹಾಕುವ ನೀರನ್ನೇ ಗಿಡಕ್ಕೆ ಬಳಸುತ್ತೇನೆ. ಇದು ಯಾವ ರೋಗ, ಏನು ಸಿಂಪಡಿಸಬೇಕು?

ಉತ್ತರ: ಅಕ್ಕನವರೇ, ಎಲೆ ಹಳದಿಯಾದಾಗ ಮೊದಲು ನೋಡಬೇಕಾದದ್ದು ಯಾವ ಎಲೆ ಹಳದಿಯಾಗಿದೆ ಎಂಬುದನ್ನು. ಸಾರಜನಕ ಕಡಿಮೆಯಾದರೆ ಗಿಡವು ಹಳೆಯ ಎಲೆಗಳಲ್ಲಿರುವುದನ್ನು ಹೀರಿ ಹೊಸ ಚಿಗುರಿಗೆ ಕಳುಹಿಸುತ್ತದೆ, ಆದ್ದರಿಂದ ಬುಡದ ಎಲೆಗಳು ಮೊದಲು ಹಳದಿಯಾಗುತ್ತವೆ. ಕಬ್ಬಿಣವು ಹಾಗೆ ಒಂದು ಎಲೆಯಿಂದ ಇನ್ನೊಂದಕ್ಕೆ ಸುಲಭವಾಗಿ ಸಾಗುವುದಿಲ್ಲ. ಅದರ ಕೊರತೆ ತುದಿಯ ಎಲೆಗಳಲ್ಲಿ, ನೀವು ಬರೆದ ಹಾಗೆ ನರಗಳ ನಡುವೆ, ಕಾಣಿಸುತ್ತದೆ. ನಿಮ್ಮ ಗಿಡಕ್ಕೆ ಬೇಕಾಗಿರುವುದು ಕಬ್ಬಿಣ.

ನವಲಗುಂದದ ಎರೆ ಮಣ್ಣಿನಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಕಬ್ಬಿಣವೇ ಇಲ್ಲವೆಂದಲ್ಲ. ಆ ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚಾಗಿದ್ದು ರಸಸಾರ (ಹುಳಿ-ಕ್ಷಾರದ ಅಳತೆ, ಪಿಎಚ್) ಸಾಮಾನ್ಯವಾಗಿ 8ರ ಆಸುಪಾಸಿನಲ್ಲಿರುವುದರಿಂದ, ಇರುವ ಕಬ್ಬಿಣವು ಕರಗದ ರೂಪಕ್ಕೆ ತಿರುಗಿ ಬೇರಿಗೆ ದಕ್ಕುವುದಿಲ್ಲ. ಒಣಗಿದ ಒಂದು ಹೆಂಟೆಯ ಮೇಲೆ ಅಡುಗೆಮನೆಯ ವಿನೆಗರ್‌ನ ಕೆಲವು ಹನಿ ಹಾಕಿ ನೋಡಿ. ನೊರೆ ಎದ್ದು ಚುರುಚುರು ಸದ್ದು ಬಂದರೆ ಸುಣ್ಣ ಸಾಕಷ್ಟಿದೆ ಎಂದರ್ಥ. ಅಂಥ ಮಣ್ಣಿಗೆ ಮೊಟ್ಟೆಯ ಸಿಪ್ಪೆ ಹಾಕುವುದೆಂದರೆ ಸುಣ್ಣಕ್ಕೆ ಸುಣ್ಣ ಸೇರಿಸಿದಂತೆ, ಬೂದಿಯೂ ಕ್ಷಾರವೇ. ಹುಳಿ ಮಣ್ಣಿರುವ ಊರಿನವರು ಕೊಡುವ ಈ ಸಲಹೆಗಳು ಮೊಬೈಲಿನಲ್ಲಿ ನಮ್ಮ ಕಡೆಗೂ ಬಂದು ಇಲ್ಲಿನ ಗಿಡಗಳನ್ನು ಕೆಡಿಸುತ್ತಿವೆ. ಆರ್‌ಒ ಯಂತ್ರ ಹೊರಹಾಕುವ ನೀರಿನಲ್ಲಿ ಮೂಲ ನೀರಿನ ಲವಣಗಳು ಇನ್ನಷ್ಟು ಸಾಂದ್ರವಾಗಿ ಉಳಿದಿರುತ್ತವೆ. ಅದನ್ನು ನೆಲ ಒರೆಸಲು ಬಳಸಿ, ಕುಂಡಕ್ಕೆ ಬೇಡ.

ಸದ್ಯಕ್ಕೆ ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಮತ್ತು 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ, ಬಿಸಿಲು ಇಳಿದ ಮೇಲೆ ಎಲೆಗಳ ಎರಡೂ ಬದಿಗೆ ಸಿಂಪಡಿಸಿ. ಹರಳು ತಿಳಿಹಸಿರಾಗಿರಬೇಕು, ತುಕ್ಕಿನ ಬಣ್ಣಕ್ಕೆ ತಿರುಗಿದ ಪುಡಿಯನ್ನು ಅಂಗಡಿಯವರು ಕೊಟ್ಟರೆ ಮರಳಿ ಕೊಟ್ಟುಬಿಡಿ. ಕೆಲವು ದಿನಗಳಲ್ಲಿ ಹನಿ ಬಿದ್ದ ಜಾಗದಲ್ಲಿ ಮಾತ್ರ ಹಸಿರು ಚುಕ್ಕೆಗಳು ಮೂಡಿದರೆ ಕಾರಣ ಕಬ್ಬಿಣವೇ ಎಂಬುದು ಖಚಿತವಾಗುತ್ತದೆ. ಹತ್ತು ಹನ್ನೆರಡು ದಿನಗಳ ನಂತರ ಇನ್ನೊಮ್ಮೆ ಸಿಂಪಡಿಸಬಹುದು. ಒಗ್ಗರಣೆಗೆ ಹೋಗುವ ಎಲೆಯಾದ್ದರಿಂದ ನಡುವೆ ಒಂದು ವಾರ ಕೀಳದೆ ಬಿಟ್ಟು, ಆಮೇಲೆ ಚೆನ್ನಾಗಿ ತೊಳೆದು ಬಳಸಿ. ಇದೇ ಪುಡಿಯನ್ನು ಬುಡಕ್ಕೆ ಸುರಿದರೆ ಸುಣ್ಣದ ಮಣ್ಣಿನಲ್ಲಿ ಅದೂ ಕಟ್ಟಿಕೊಂಡು ವ್ಯರ್ಥವಾಗುತ್ತದೆ.

ಅದೇ ಸದಸ್ಯರು: ವಿನೆಗರ್ ಹಾಕಿದಾಗ ನೊರೆ ಬಂತು ಸರ್. ಹಾಗಾದರೆ ಮಣ್ಣನ್ನೇ ಬದಲಿಸಲೇ? ಇನ್ನೊಂದು ಮಾತು, ನೀರು ಹಾಕಿದ ಕೂಡಲೇ ಕೆಳಗಿನ ತೂತಿನಿಂದ ಹರಿದುಹೋಗುತ್ತದೆ, ಆದರೂ ಮಧ್ಯಾಹ್ನ ಗಿಡ ಬಾಡುತ್ತದೆ.

ಉತ್ತರ: ಎರಡನೆಯ ಮಾತು ಮುಖ್ಯವಾದದ್ದು. ಎರೆ ಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಕುಂಡದ ಗೋಡೆಗೂ ಮಣ್ಣಿಗೂ ನಡುವೆ ಬೆರಳು ತೂರುವಷ್ಟು ಸಂದಿ ಬಿದ್ದು, ನೀರೆಲ್ಲ ಆ ಸಂದಿಯಿಂದಲೇ ಇಳಿದು ಹೊರಗೆ ಬರುತ್ತದೆ, ನಡುವಿನ ಮಣ್ಣಿನ ಗಡ್ಡೆ ಒಣಗಿಯೇ ಇರುತ್ತದೆ. ಒಂದು ಕಡ್ಡಿಯನ್ನು ನಡುವೆ ಆಳಕ್ಕೆ ಚುಚ್ಚಿ ತೆಗೆದರೆ ತಿಳಿಯುತ್ತದೆ. ಮೇಲ್ಮಣ್ಣನ್ನು ಕೆದರಿ ಸಂದಿ ಮುಚ್ಚಿ, ಸ್ವಲ್ಪ ಸ್ವಲ್ಪವಾಗಿ ಮೂರು ನಾಲ್ಕು ಸಲ ನೀರು ಕೊಟ್ಟು, ಮೇಲೆ ಒಣ ಎಲೆಯನ್ನೋ ಕಬ್ಬಿನ ರವದಿಯನ್ನೋ ಹೊದಿಸಿ.

ಮಣ್ಣು ಬದಲಿಸುವುದನ್ನು ಈ ಬಿಸಿಲಿನಲ್ಲಿ ಮಾಡಬೇಡಿ, ಮೃಗಶಿರಾ ಮಳೆ ಹಿಡಿಯುವವರೆಗೆ ತಾಳಿ. ಆಗ ಕಲಘಟಗಿ ಅಥವಾ ಅಳ್ನಾವರದ ಕಡೆಯ ಕೆಂಪು ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಒಂದು ಪಾಲು, ದಪ್ಪ ಉಸುಕು ಒಂದು ಪಾಲು ಸೇರಿಸಿ ತುಂಬಿ. ಮಳೆಗಾಲದಲ್ಲಿ ಛಾವಣಿಯ ನೀರನ್ನು ಒಂದು ಬ್ಯಾರೆಲ್‌ನಲ್ಲಿ ಹಿಡಿದಿಟ್ಟರೆ ಕರಿಬೇವಿಗೆ ಅದಕ್ಕಿಂತ ಒಳ್ಳೆಯ ನೀರಿಲ್ಲ.

ಪ್ರಶ್ನೆ (ಗದಗ): ದಾಸವಾಳದ ಮೊಗ್ಗಿನ ಬುಡದಲ್ಲಿ ಬಿಳಿ ಹತ್ತಿಯಂಥದ್ದು ಅಂಟಿಕೊಂಡಿದೆ. ಬೇವಿನೆಣ್ಣೆ ಸಿಂಪಡಿಸಿದರೂ ಮರಳಿ ಬರುತ್ತದೆ.

ಉತ್ತರ: ಅದು ಹಿಟ್ಟು ತಿಗಣೆ. ಕಾಂಡದ ಮೇಲೆ ಇರುವೆಗಳ ಸಾಲು ಇದ್ದೇ ಇರುತ್ತದೆ, ನೋಡಿ. ತಿಗಣೆ ಒಸರುವ ಸಿಹಿಗಾಗಿ ಬರುವ ಇರುವೆಗಳು ಅದನ್ನು ತಿನ್ನುವ ಕೀಟಗಳನ್ನು ಓಡಿಸುತ್ತವೆ. ಹೆಚ್ಚು ಹತ್ತಿದ ತುದಿಗಳನ್ನು ಕತ್ತರಿಸಿ ಸುಟ್ಟುಬಿಡಿ, ಉಳಿದವನ್ನು ನೀರಿನ ಜೋರಾದ ಧಾರೆಯಿಂದ ಉದುರಿಸಿ, ಇರುವೆ ಏರದಂತೆ ನೋಡಿಕೊಳ್ಳಿ. ಮೇಣದ ಹೊದಿಕೆ ಇರುವುದರಿಂದ ಬೇವಿನೆಣ್ಣೆ ಸಾಬೂನಿಲ್ಲದೆ ಅಂಟುವುದಿಲ್ಲ. ಲೀಟರಿಗೆ 5 ಮಿ.ಲೀ. ಎಣ್ಣೆ, ಸ್ವಲ್ಪ ಸಾಬೂನು ದ್ರಾವಣ ಬೆರೆಸಿ ವಾರಕ್ಕೊಮ್ಮೆ ಸಿಂಪಡಿಸಿ.

ಪ್ರಶ್ನೆ (ಹಾವೇರಿ): ಬ್ಯಾಡಗಿಯಿಂದ ಬೀಜ ತಂದು ಹಿತ್ತಲಲ್ಲಿ ಮೆಣಸಿನ ಗಿಡ ಹಚ್ಚಿದ್ದೇನೆ. ಎಲೆಗಳು ಮುರುಟಿಕೊಳ್ಳುತ್ತಿವೆ. ಅಂಗಡಿಯವರು ಕೊಟ್ಟ ಔಷಧಿಯ ನಂತರ ಇನ್ನೂ ಹೆಚ್ಚಾಗಿದೆ.

ಉತ್ತರ: ಎಲೆಯ ಅಂಚು ಮೇಲಕ್ಕೆ ಮಡಚಿಕೊಂಡಿದ್ದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ, ಕೆಳಕ್ಕೆ ಮಡಚಿಕೊಂಡು ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ. ಔಷಧಿಯ ನಂತರ ಹೆಚ್ಚಾಯಿತೆಂದರೆ ಅದು ಪೈರೆಥ್ರಾಯ್ಡ್ ಎಂಬ ಕೀಟನಾಶಕಗಳ ಗುಂಪಿನದಾಗಿರಬಹುದು. ಆ ಗುಂಪು ನುಸಿಯನ್ನು ತಿನ್ನುವ ಕೀಟಗಳನ್ನು ಕೊಂದು ನುಸಿಯನ್ನು ಬೆಳೆಸುತ್ತದೆ. ಡಬ್ಬಿಯ ಚೀಟಿ ಓದಿ. ಥ್ರಿಪ್ಸ್‌ಗೆ 50 ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಸೋಸಿ ಸಿಂಪಡಿಸಿ. ನುಸಿಗೆ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 3 ಗ್ರಾಂ ಸಾಕು, ಆದರೆ ಸುಡುಬಿಸಿಲಿನಲ್ಲಿ ಬೇಡ, ಎಲೆ ಸುಡುತ್ತದೆ.

ಪ್ರಶ್ನೆ (ವಿದ್ಯಾನಗರದ ಸದಸ್ಯರು): ಹೊಸ ಮಣ್ಣನ್ನು ತುಂಬುವ ಮೊದಲು ಎಲ್ಲಿ ಪರೀಕ್ಷಿಸಬಹುದು?

ಉತ್ತರ: ನಿಮಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಹತ್ತಿರ. ಗದಗಿನವರು ಹುಲಕೋಟಿಯ, ಹಾವೇರಿಯವರು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಗೊಬ್ಬರ ಬೆರೆಸುವ ಮೊದಲೇ ಅರ್ಧ ಕಿಲೋ ಮಣ್ಣು ತೆಗೆದು, ನೆರಳಿನಲ್ಲಿ ಒಣಗಿಸಿ, ಬಟ್ಟೆಯ ಚೀಲದಲ್ಲಿ ಒಯ್ಯಿರಿ. ರಸಸಾರ, ಲವಣಾಂಶ, ಸುಣ್ಣ, ಈ ಮೂರನ್ನು ತಪ್ಪದೆ ನೋಡಿಕೊಡುವಂತೆ ಕೇಳಿ.