ಹರ್ಸ್ಟ್ ಕ್ಯಾಸಲ್‌ಗೆ ಅಪ್ಪನನ್ನು ಕರೆದುಕೊಂಡು ಹೋಗಬಹುದಾ?

ಕಡಲಹಕ್ಕಿ:
ಅಪ್ಪ ಅಮ್ಮ ಕ್ಯಾಲಿಫೋರ್ನಿಯಾಕ್ಕೆ ಬರುತ್ತಿದ್ದಾರೆ. ಸ್ಯಾನ್ ಸಿಮಿಯನ್ ಗುಡ್ಡದ ಮೇಲಿರುವ ಭಾರೀ ಬಂಗಲೆ ಹರ್ಸ್ಟ್ ಕ್ಯಾಸಲ್ ತೋರಿಸೋಣ ಅಂತಿದ್ದೇನೆ. ಫೋಟೋದಲ್ಲಿ ನೋಡಿದರೆ ಮುಂದೆ ಸ್ಪೇನಿನ ಚರ್ಚು, ಈಜುಕೊಳದ ಪಕ್ಕ ರೋಮನ್ ದೇವಾಲಯ, ಒಳಗೆ ಇನ್ನೇನೇನೋ. ಅಪ್ಪ ಕಟ್ಟಡ ಕಂಟ್ರಾಕ್ಟರ್ ಆಗಿದ್ದವರು. "ದುಡ್ಡು ಜಾಸ್ತಿಯಾಗಿತ್ತು, ಕಟ್ಟಿದ" ಅಂತ ಮುಖ ತಿರುಗಿಸಿಬಿಟ್ಟರೆ? ಅಮ್ಮನಿಗೆ ಮಂಡಿ ನೋವು ಬೇರೆ. ಯಾವ ಟೂರ್ ಒಳ್ಳೇದು?

ಹಳೇಗಾರೆ:
ದುಡ್ಡು ಜಾಸ್ತಿಯಾಗೇ ಕಟ್ಟಿದ್ದು, ಅದರಲ್ಲಿ ಅನುಮಾನವೇ ಬೇಡ. ಪತ್ರಿಕೆಗಳ ಒಡೆಯ ವಿಲಿಯಂ ರಾಂಡಾಲ್ಫ್ ಹರ್ಸ್ಟ್ 1919ರಲ್ಲಿ ಶುರು ಮಾಡಿಸಿದ. 1947ರಲ್ಲಿ ಆರೋಗ್ಯ ಕೆಟ್ಟು ಅಲ್ಲಿಂದ ಹೊರಟಾಗಲೂ ಕೆಲಸ ಮುಗಿದಿರಲಿಲ್ಲ.

ಆದರೆ ನಿಮ್ಮ ತಂದೆಯವರಿಗೆ ಹರ್ಸ್ಟ್ ಕಥೆಗಿಂತ ಇದರ ಆರ್ಕಿಟೆಕ್ಟ್ ಜೂಲಿಯಾ ಮಾರ್ಗನ್ ಕಥೆ ಹೇಳಿ. ಕ್ಯಾಲಿಫೋರ್ನಿಯಾದಲ್ಲಿ ಆರ್ಕಿಟೆಕ್ಟ್ ಲೈಸೆನ್ಸ್ ಪಡೆದ ಮೊದಲ ಹೆಂಗಸು. ಆಕೆ ಕಾಂಕ್ರೀಟಿನಲ್ಲಿ ಕಟ್ಟಿದ ಗಂಟೆಗೋಪುರವೊಂದು 1906ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪಕ್ಕೂ ಜಗ್ಗಲಿಲ್ಲ. ಇಲ್ಲಿಯೂ ಒಳಗಿರುವುದು ಕಬ್ಬಿಣ ಕಟ್ಟಿದ ಕಾಂಕ್ರೀಟೇ. ಸ್ಪೇನು, ಇಟಲಿ ಎಲ್ಲ ಅದರ ಮೇಲಿನ ವೇಷ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಾರವಿಡೀ ಆಫೀಸು ನೋಡಿಕೊಂಡು, ವಾರದ ಕೊನೆಗೆ ರೈಲು ಹತ್ತಿ ಬಂದು ಈ ಕೆಲಸ ನೋಡುತ್ತಿದ್ದರು. ಅದೂ ವರ್ಷಗಟ್ಟಲೆ!

ಒಳಗೆ ಹೋದಾಗ ತಲೆ ಎತ್ತಿ ಚಾವಣಿ ನೋಡಲು ಹೇಳಿ. ಯುರೋಪಿನ ಹಳೇ ಕಟ್ಟಡಗಳ ಮರದ ಚಾವಣಿಗಳನ್ನು ಹರ್ಸ್ಟ್ ಕೊಂಡು ತರುತ್ತಿದ್ದ. ಅವುಗಳ ಅಳತೆಗೆ ಕೋಣೆ ಹೊಂದಿಸುವುದು ಮಾರ್ಗನ್ ಪಾಡು. ಮನೆಗೆ ಸೂರಲ್ಲ, ಸೂರಿಗೆ ಮನೆ! ಮಾಲೀಕ ದಿನಕ್ಕೊಂದು ಬದಲಾವಣೆ ಹೇಳಿದರೆ ಏನಾಗುತ್ತದೆ ಅಂತ ಕಂಟ್ರಾಕ್ಟರ್‌ಗೆ ನಾವು ಹೇಳಿಕೊಡಬೇಕಾ? ಹೊರಗಿನ ಈಜುಕೊಳ ನೆಪ್ಚೂನ್ ಕೊಳವನ್ನೇ ಕಟ್ಟಿ, ಒಡೆದು, ದೊಡ್ಡದು ಮಾಡಿ ಮತ್ತೆ ಕಟ್ಟಿಸಿದ್ದಾರೆ.

ಮೊದಲ ಸಲವಾದರೆ ಗ್ರ್ಯಾಂಡ್ ರೂಮ್ಸ್ ಟೂರ್ ತೆಗೆದುಕೊಳ್ಳಿ. ಊಟದ ಹಾಲ್ ನನಗೆ ತುಂಬಾ ಇಷ್ಟ. ಮೇಲೆ ಇಟಲಿಯ ಸಿಯೆನಾ ಊರಿನ ರೇಷ್ಮೆ ಬಾವುಟಗಳು, ಕೆಳಗೆ ಮಠದ ಪಂಕ್ತಿಯಂಥ ಉದ್ದ ಮೇಜು, ಮೇಜಿನ ಮೇಲೆ ಕೆಚಪ್ ಬಾಟಲಿ! ಹರ್ಸ್ಟ್ ಕಾಲದಲ್ಲೂ ಹಾಗೇ ಇಡುತ್ತಿದ್ದರಂತೆ.

ಬಿಸಿಲುಮಚ್ಚು:
ನನಗಂತೂ ತಲೆ ಭಾರವಾಯಿತು. ಒಂದು ಕಡೆ ಈಜಿಪ್ಟಿನ ಸೆಖ್ಮೆಟ್ ದೇವತೆಯ ವಿಗ್ರಹಗಳು, ನಾಲ್ಕು ಹೆಜ್ಜೆ ಆಚೆ ಇನ್ನೊಂದು ದೇಶ. ಆದರೆ ಒಳಗಿನ ರೋಮನ್ ಕೊಳಕ್ಕೆ ಎಲ್ಲ ಮಾಫಿ. ನೀಲಿ, ಚಿನ್ನದ ಬಣ್ಣದ ಗಾಜಿನ ಬಿಲ್ಲೆಗಳು, ನೆಲದಿಂದ ಚಾವಣಿವರೆಗೆ. ಅದರ ತಾರಸಿ ಮೇಲೆ ಟೆನಿಸ್ ಕೋರ್ಟ್ ಇದೆ ಅಂದರೆ ನಂಬ್ತೀರಾ?

ಕಡಲಹಕ್ಕಿ:
ಟೆನಿಸ್ ಕೋರ್ಟ್ ಅಂದರೆ ಅಪ್ಪ ಮೊದಲು ನೀರು ಸೋರುತ್ತಾ ಅಂತ ಕೇಳ್ತಾರೆ! ಅಮ್ಮನ ಮಂಡಿ ವಿಷಯ?

ಹಳೇಗಾರೆ:
ಮಾಮೂಲಿ ಟೂರಲ್ಲಿ ಮೆಟ್ಟಿಲು ಜಾಸ್ತಿ. ಮೆಟ್ಟಿಲು ಹತ್ತಲಾಗದವರಿಗೆ ಗ್ರ್ಯಾಂಡ್ ರೂಮ್ಸ್‌ನದ್ದೇ ಬೇರೆ ಟೂರ್ ಇದೆ. ಅದನ್ನೇ ಮೊದಲೇ ಬುಕ್ ಮಾಡಿ. ಸ್ವಂತ ಕಾರಲ್ಲಿ ಮೇಲೆ ಬಿಡುವುದಿಲ್ಲ. ಕೆಳಗಿನಿಂದ ಅವರ ಬಸ್ಸಲ್ಲೇ ಹೋಗಬೇಕು. ಅಮ್ಮನನ್ನು ಕಿಟಕಿ ಪಕ್ಕ ಕೂರಿಸಿ. ಹರ್ಸ್ಟ್ ಸಾಕಿದ್ದ ಜೀಬ್ರಾಗಳ ಸಂತತಿ ಇನ್ನೂ ಆ ಹುಲ್ಲುಗಾವಲಲ್ಲಿ ಮೇಯುತ್ತಿರುತ್ತದೆ, ಅದೃಷ್ಟ ಇದ್ದರೆ ಕಾಣುತ್ತವೆ.