ಏಂಜೆಲ್ ಮೀನಿನ ಈಜುರೆಕ್ಕೆ ಹರಿಯುತ್ತಿದೆ, ನಿಯಾನ್‌ಗಳು ಒಂದೊಂದಾಗಿ ಕಾಣೆಯಾಗುತ್ತಿವೆ: ಯಾವ ಮೀನು ಇಟ್ಟುಕೊಳ್ಳಲಿ?

ಗಾಜಿನಮನೆ:

ಎಲ್ಲರಿಗೂ ನಮಸ್ಕಾರ. ತೊಟ್ಟಿ ಇಟ್ಟು ಏಳು ತಿಂಗಳಾಯಿತು. ಅಳತೆ 60 × 30 × 35 ಸೆಂ.ಮೀ. ಒಳಗೆ ಎರಡು ಏಂಜೆಲ್, ಮೂರು ಟೈಗರ್ ಬಾರ್ಬ್, ಹತ್ತು ನಿಯಾನ್ ಟೆಟ್ರಾ, ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುವ ಒಂದು ಪ್ಲೆಕೊ. ಐದು ತಿಂಗಳು ಯಾವ ತಕರಾರೂ ಇರಲಿಲ್ಲ. ಈಗ ಏಂಜೆಲ್‌ಗಳ ಕೆಳಗಿನ ಉದ್ದನೆಯ ಎಳೆಗಳು ದಿನದಿಂದ ದಿನಕ್ಕೆ ಮೊಂಡಾಗುತ್ತಿವೆ. ನಿಯಾನ್ ಹತ್ತು ಇದ್ದದ್ದು ಆರಕ್ಕೆ ಇಳಿದಿದೆ. ಸತ್ತ ಮೀನು ಒಂದೂ ಸಿಗಲಿಲ್ಲ. ಮುಚ್ಚಳ ಇದೆ, ನೆಲದ ಮೇಲೂ ಹುಡುಕಿದ್ದೇನೆ. ನೀರಿನಲ್ಲಿ ಮೀನಿಗೆ ವಿಷವಾಗುವ ಅಮೋನಿಯಾ 0, ನೈಟ್ರೈಟ್ 0, ನೀರಿನ ಉಷ್ಣತೆ 26 ಡಿಗ್ರಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುತ್ತೇನೆ. ನನ್ನಿಂದ ಎಲ್ಲಿ ತಪ್ಪಾಗಿದೆ?

ಹಸಿರುದಂಡೆ:

ಇದು ಈಜುರೆಕ್ಕೆ ಕೊಳೆಯುವ ರೋಗದಂತೆ ಕಾಣುತ್ತದೆ. ನನ್ನ ಮೀನುಗಳಿಗೂ ಬಂದಿತ್ತು, ನೀರಿಗೆ ಉಪ್ಪು ಹಾಕಿದ ಮೇಲೆ ಗುಣವಾಯಿತು. ನೀವೂ ಹಾಕಿ ನೋಡಬಹುದು.

ತಿಳಿನೀರು:

ದಯವಿಟ್ಟು ಈಗಲೇ ಉಪ್ಪು ಹಾಕಬೇಡಿ. ಮೊದಲು ಹರಿದ ಅಂಚನ್ನು ಹತ್ತಿರದಿಂದ ನೋಡಿ. ಕೊಳೆತ ಅಂಚು ಬೆಳ್ಳಗೆ ಅಥವಾ ಕೆಂಪಗೆ ಇರುತ್ತದೆ, ನೂಲುನೂಲಾಗಿ ಸವೆಯುತ್ತಾ ಹೋಗುತ್ತದೆ. ಕಚ್ಚಿದ ಅಂಚಾದರೆ ಕತ್ತರಿಯಿಂದ ತುಂಡು ತೆಗೆದ ಹಾಗೆ ಕಚ್ಚುಕಚ್ಚಾಗಿ, ಬಣ್ಣಗೆಡದೆ ಇರುತ್ತದೆ. ಇನ್ನೊಂದು ಕೆಲಸ: ದೀಪ ಆರಿಸಿ ಎರಡು ಗಂಟೆಯ ನಂತರ ಮಂದ ಬೆಳಕಿನ ಟಾರ್ಚ್ ಹಿಡಿದು ಏನು ನಡೆಯುತ್ತಿದೆ ಎಂದು ನೋಡಿ. ಏಂಜೆಲ್‌ಗಳು ಈಗ ಎಷ್ಟು ದೊಡ್ಡವು?

ಗಾಜಿನಮನೆ:

ನೋಡಿದೆ. ಅಂಚು ಸ್ವಚ್ಛವಾಗಿದೆ, ಬಿಳುಪಿಲ್ಲ, ಅಲ್ಲಲ್ಲಿ ಅರ್ಧಚಂದ್ರದಂತೆ ತುಂಡು ಹೋಗಿದೆ. ಏಂಜೆಲ್‌ನ ದೇಹವೇ ನನ್ನ ಅಂಗೈ ಅಗಲ ಆಗಿದೆ, ತಂದಾಗ ನಾಣ್ಯದಷ್ಟಿತ್ತು. ರಾತ್ರಿ ನೋಡಿದಾಗ ನಿಯಾನ್‌ಗಳ ನೀಲಿ ಗೆರೆ ಪೂರ್ತಿ ಮಂಕಾಗಿತ್ತು. ಗಿಡದ ಬುಡದಲ್ಲಿ ಅಲುಗಾಡದೆ ನಿಂತಿದ್ದವು. ಒಂದು ಏಂಜೆಲ್ ಅವುಗಳ ಎದುರಿಗೇ ತಲೆ ತಗ್ಗಿಸಿಕೊಂಡು ನಿಂತಿತ್ತು. ನನಗೆ ಎದೆ ಧಸಕ್ಕೆಂದಿತು.

ತಿಳಿನೀರು:

ನಿಯಾನ್‌ನ ಬಣ್ಣ ಮಂಕಾದದ್ದಕ್ಕೆ ಚಿಂತೆ ಬೇಡ. ಕತ್ತಲಲ್ಲಿ ಅದು ಹಾಗೆಯೇ, ಬೆಳಕು ಬಂದ ಸ್ವಲ್ಪ ಹೊತ್ತಿಗೆ ನೀಲಿ ಮರಳುತ್ತದೆ. ಉಳಿದದ್ದನ್ನು ನೀವೇ ಕಣ್ಣಾರೆ ಕಂಡಿದ್ದೀರಿ. ಏಂಜೆಲ್ ಸಿಕ್ಲಿಡ್ ಎಂಬ ಮೀನಿನ ಕುಟುಂಬದ್ದು. ತನ್ನ ಬಾಯಲ್ಲಿ ಹಿಡಿಸುವಷ್ಟು ಸಣ್ಣ ಮೀನು ಅದಕ್ಕೆ ಆಹಾರ. ಮೂರು-ನಾಲ್ಕು ಸೆಂ.ಮೀ. ಉದ್ದದ, ಕಡ್ಡಿಯಂಥ ನಿಯಾನ್ ಸಲೀಸಾಗಿ ಒಳಗೆ ಹೋಗುತ್ತದೆ. ಮರಿಯಾಗಿದ್ದಾಗ ಬಾಯಿ ಸಣ್ಣದಿತ್ತು, ಆದ್ದರಿಂದ ಐದು ತಿಂಗಳು ನೆಮ್ಮದಿ ಇತ್ತು.

ಏಂಜೆಲ್‌ನ ರೆಕ್ಕೆ ಕಚ್ಚುತ್ತಿರುವುದು ಟೈಗರ್ ಬಾರ್ಬ್. ಅವು ಎಂಟು-ಹತ್ತರ ಗುಂಪಿನಲ್ಲಿದ್ದರೆ ತಮ್ಮತಮ್ಮಲ್ಲೇ ಅಟ್ಟಾಡಿಸಿಕೊಂಡು ಮೇಲು-ಕೀಳು ತೀರ್ಮಾನಿಸಿಕೊಳ್ಳುತ್ತವೆ. ಮೂರೇ ಇದ್ದರೆ ಆ ಕಿರುಕುಳವೆಲ್ಲ ನಿಧಾನವಾಗಿ ಈಜುವ, ಉದ್ದ ರೆಕ್ಕೆಯ ಮೀನಿನ ಮೇಲೆ ತಿರುಗುತ್ತದೆ. ಗುಂಪು ದೊಡ್ಡದಾದರೂ ಏಂಜೆಲ್, ಗಪ್ಪಿ, ಬೆಟ್ಟಾಗಳ ಜೊತೆ ಅವನ್ನು ಬಿಡಲು ನಾನಂತೂ ಹೇಳುವುದಿಲ್ಲ.

ನಿಮ್ಮ ತೊಟ್ಟಿ ಲೆಕ್ಕಕ್ಕೆ 63 ಲೀಟರ್. ಮರಳು, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ 50ರ ಆಸುಪಾಸು. ಬೆಳೆದ ಏಂಜೆಲ್‌ಗೆ 35 ಸೆಂ.ಮೀ. ಎತ್ತರ ಸಾಲದು. ನಿಮ್ಮ ಪ್ಲೆಕೊ ಸಾಮಾನ್ಯ ಜಾತಿಯದಾದರೆ 30 ಸೆಂ.ಮೀ. ದಾಟುತ್ತದೆ, ತೊಟ್ಟಿಯ ಅಗಲವೇ ಅಷ್ಟು. ಹಾಗಾಗಿ ನಿಮಗೆ ಕಷ್ಟವಾದರೂ ಹೇಳಬೇಕು: ಈ ತೊಟ್ಟಿಯಲ್ಲಿ ಉಳಿಯಬೇಕಾದವು ನಿಯಾನ್‌ಗಳು ಮಾತ್ರ. ಇದರಲ್ಲಿ ಯಾವ ಮೀನಿನ ದೋಷವೂ ಇಲ್ಲ. ಅಂಗಡಿಯಲ್ಲಿ ನಾವು ನೋಡುವುದು ಬಹುಪಾಲು ಮರಿಗಳನ್ನು. ತರುವ ಮುಂಚೆ ಅದು ಬೆಳೆದಾಗ ಎಷ್ಟಾಗುತ್ತದೆ, ಎಷ್ಟರ ಗುಂಪು ಬೇಕು ಎಂದು ಯಾರೂ ಹೇಳದಿದ್ದರೆ ನಾವೇ ಕೇಳಬೇಕು.

ಗಾಜಿನಮನೆ:

ಓದಿ ಮನಸ್ಸು ಭಾರವಾಯಿತು. ಏಂಜೆಲ್‌ಗಳು ನಾನು ಹತ್ತಿರ ಹೋದರೆ ಗಾಜಿನ ಬಳಿ ಬರುತ್ತವೆ. ಆದರೂ ನೀವು ಹೇಳಿದ್ದು ಸರಿ. ಗೆಳೆಯರೊಬ್ಬರ ಬಳಿ 250 ಲೀಟರಿನ ಎತ್ತರದ ತೊಟ್ಟಿ ಇದೆ, ಏಂಜೆಲ್ ಮತ್ತು ಪ್ಲೆಕೊವನ್ನು ತೆಗೆದುಕೊಳ್ಳಲು ಒಪ್ಪಿದ್ದಾರೆ. ಬಾರ್ಬ್‌ಗಳು ಅವರ ಪರಿಚಯದವರ ಬಾರ್ಬ್ ಗುಂಪಿಗೆ ಸೇರುತ್ತವೆ. ಇನ್ನು ನಿಯಾನ್ ಜೊತೆಗೆ ಏನು ಇಡಲಿ? ಹೆಚ್ಚು ಆರೈಕೆ ಬೇಡದಂಥವು ಇರಲಿ. ಗಪ್ಪಿ ಆಗಬಹುದೇ?

ಹಸಿರುದಂಡೆ:

ಉಪ್ಪಿನ ಸಲಹೆ ಅವಸರದ್ದಾಯಿತು, ಕ್ಷಮಿಸಿ. ಗಪ್ಪಿ ನನ್ನ ಬಳಿ ಇವೆ. ಸಾಕುವುದು ಸುಲಭವೇ, ಆದರೆ ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತವೆ. ಹೆಣ್ಣು ಮೀನನ್ನು ಬೇರೆ ಮಾಡಿದರೂ ಮೊದಲಿನ ಕೂಡುವಿಕೆಯಿಂದಲೇ ತಿಂಗಳುಗಟ್ಟಲೆ ಮರಿಗಳು ಬರುತ್ತಲೇ ಇರುತ್ತವೆ. ಬೇಕೆಂದರೆ ಗಂಡುಗಳನ್ನು ಮಾತ್ರ ತನ್ನಿ.

ತಿಳಿನೀರು:

ಹೌದು. ಜೊತೆಗೆ ಗಪ್ಪಿಗೆ ಗಡಸು ನೀರು ಒಗ್ಗುತ್ತದೆ, ನಿಯಾನ್‌ಗೆ ಮೆದು ನೀರು. ಗೋಲ್ಡ್‌ಫಿಶ್ ಬೇಡವೇ ಬೇಡ: ದೊಡ್ಡದಾಗುತ್ತದೆ, ತಂಪು ನೀರು ಬಯಸುತ್ತದೆ, ಬಹಳ ಹೊಲಸು ಮಾಡುತ್ತದೆ.

ನಾನಾದರೆ ಜಾತಿ ಕಡಿಮೆ ಮಾಡಿ ಪ್ರತಿ ಜಾತಿಯ ಸಂಖ್ಯೆ ಹೆಚ್ಚಿಸುತ್ತೇನೆ. ನಿಯಾನ್‌ಗಳನ್ನು ಮತ್ತೆ ಹತ್ತಕ್ಕೆ ತನ್ನಿ. ಆರಕ್ಕಿಂತ ಕಡಿಮೆಯಾದರೆ ಹೆದರಿ ಮೂಲೆ ಸೇರುತ್ತವೆ. ತಳಕ್ಕೆ ಆರು ಕೋರಿಡೊರಾಸ್. ಅವು ಮೀಸೆಯಿಂದ ತಡಕಾಡಿ ತಿನ್ನುವ ಮೀನು. ಚೂಪು ಜಲ್ಲಿಯಲ್ಲಿ ಆ ಮೀಸೆ ಸವೆದುಹೋಗುತ್ತದೆ, ಆದ್ದರಿಂದ ನುಣ್ಣನೆಯ ಮರಳು ಹಾಸಿ. ಎಲ್ಲರೂ ಬಿಟ್ಟ ಎಂಜಲು ತಿಂದು ಬದುಕುತ್ತವೆ ಎಂಬುದು ತಪ್ಪು, ಅವಕ್ಕೆಂದೇ ಮುಳುಗುವ ಗುಳಿಗೆ ಹಾಕಬೇಕು. ಮೇಲಿನ ಭಾಗಕ್ಕೆ ‘ಹನಿ ಗೌರಾಮಿ’ (ಹನಿ ಅಂದರೆ ಇಂಗ್ಲಿಷಿನಲ್ಲಿ ಜೇನು) ಒಂದೇ ಒಂದು. ಐದು ಸೆಂ.ಮೀ. ಆಸುಪಾಸಿನ ಸಾಧು ಮೀನು, ತನ್ನ ಎಳೆಯಂಥ ರೆಕ್ಕೆಯಿಂದ ಎಲೆಗಳನ್ನು ಮುಟ್ಟಿಮುಟ್ಟಿ ನೋಡುತ್ತದೆ. ಈ ಮೂರೂ 24-25 ಡಿಗ್ರಿಯಲ್ಲಿ ಆರಾಮವಾಗಿರುತ್ತವೆ. ನಿಯಾನ್ ಬೇಡವೆನ್ನುವವರು ಹಾರ್ಲೆಕ್ವಿನ್ ರಾಸ್ಬೋರಾ ಇಡಬಹುದು. ಚೆರ್ರಿ ಬಾರ್ಬ್ ಕೂಡ ಶಾಂತ ಸ್ವಭಾವದ್ದು, ಬಾರ್ಬ್ ಎಂಬ ಹೆಸರಿಗೆ ಹೆದರಬೇಕಿಲ್ಲ.

ಎಲ್ಲವನ್ನೂ ಒಂದೇ ದಿನ ಬಿಡಬೇಡಿ. ಅಮೋನಿಯಾವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಿನಲ್ಲಿದೆ, ಹೊರೆ ಏರಿದಂತೆ ಅದೂ ಬೆಳೆಯಬೇಕು. ಮೊದಲು ಕೋರಿಡೊರಾಸ್ ತಂದು ಎರಡು ವಾರ ಬಿಟ್ಟು ನಿಯಾನ್, ಕೊನೆಗೆ ಗೌರಾಮಿ. ಸ್ಪಂಜನ್ನು ನಲ್ಲಿ ನೀರಲ್ಲಿ ತೊಳೆಯಬೇಡಿ. ತೊಟ್ಟಿಯಿಂದ ತೆಗೆದ ನೀರಲ್ಲೇ ಹಿಂಡಿ.

ಗಾಜಿನಮನೆ:

ಏಳು ವಾರ ಕಳೆದು ಬರೆಯುತ್ತಿದ್ದೇನೆ. ಹೇಳಿದ ಕ್ರಮದಲ್ಲೇ ಎಲ್ಲವನ್ನೂ ಬಿಟ್ಟೆ. ಈಗ ಒಂದೇ ಆತಂಕ. ಕೋರಿಡೊರಾಸ್‌ಗಳು ಇದ್ದಕ್ಕಿದ್ದಂತೆ ತಳದಿಂದ ಬಾಣದಂತೆ ಮೇಲೆ ಬಂದು, ಗಾಳಿ ನುಂಗಿ, ಮತ್ತೆ ಕೆಳಗೆ ಹೋಗುತ್ತವೆ. ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿದೆಯೇ?

ತಿಳಿನೀರು:

ಆಗೊಮ್ಮೆ ಈಗೊಮ್ಮೆ ಆದರೆ ಅದು ಅವುಗಳ ಸಹಜ ಗುಣ. ನುಂಗಿದ ಗಾಳಿಯಿಂದ ಕರುಳಿನ ಮೂಲಕವೂ ಆಮ್ಲಜನಕ ಹೀರಿಕೊಳ್ಳುತ್ತವೆ. ಬಿಡುವಿಲ್ಲದೆ ಬರುತ್ತಿದ್ದರೆ, ಅಥವಾ ನಿಯಾನ್‌ಗಳೂ ನೀರಿನ ಮೇಲ್ಭಾಗದಲ್ಲಿ ಬಾಯಿ ಬಿಡುತ್ತಿದ್ದರೆ ಮಾತ್ರ ಅರ್ಧ ನೀರು ಬದಲಿಸಿ, ಅಮೋನಿಯಾ ಪರೀಕ್ಷಿಸಿ.

ಗಾಜಿನಮನೆ:

ಕುಳಿತು ನೋಡಿದೆ. ಅರ್ಧ ಗಂಟೆಯಲ್ಲಿ ಆರೂ ಸೇರಿ ನಾಲ್ಕು ಸಲ ಬಂದವು. ನಿಯಾನ್‌ಗಳು ನಡುನೀರಿನಲ್ಲೇ ಇದ್ದವು. ಎರಡು ಸಲ ಎಣಿಸಿದೆ, ಹತ್ತಕ್ಕೆ ಹತ್ತೂ ಇವೆ.