ಕ್ಲಬ್‌ನಲ್ಲಿ ಗೋಲ್‌ಕೀಪಿಂಗ್ ಕೋಚ್ ಆಗಬೇಕು, ಅರ್ಜಿ ಹಾಕಲಾ?

ಪ್ರಶ್ನೆ (ಆಸ್ಟಿನ್ ಟೌನ್, ಬೆಂಗಳೂರು): ನಮಸ್ಕಾರ ಸಾರ್. ವಯಸ್ಸು 33. ಬೆಂಗಳೂರು ಸೂಪರ್ ಡಿವಿಷನ್ ಫುಟ್‌ಬಾಲ್ ಲೀಗ್‌ನಲ್ಲಿ ಎಂಟು ವರ್ಷ ಗೋಲ್ ಕಾದಿದ್ದೇನೆ. ಮೊಣಕಾಲು ಕೈಕೊಟ್ಟಿತು, ಆಟ ಬಿಟ್ಟೆ. ಎಐಎಫ್‌ಎಫ್ (ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್) ಕೊಡುವ ಕೋಚಿಂಗ್ ಡಿ ಲೈಸೆನ್ಸ್ ಇದೆ. ಒಂದು ವೃತ್ತಿಪರ ಕ್ಲಬ್ ಎರಡು ಕೆಲಸಕ್ಕೆ ಜನ ಕರೆದಿದೆ. ಒಂದು ಅಕಾಡೆಮಿ ಗೋಲ್‌ಕೀಪಿಂಗ್ ಕೋಚ್, ಇನ್ನೊಂದು 13 ವರ್ಷದೊಳಗಿನವರ ಯೂತ್ ಕೋಚ್. ಎರಡಕ್ಕೂ ಹಾಕಲಾ? ಆಡಿದ ಅನುಭವಕ್ಕೆ ಬೆಲೆ ಇದೆಯಾ?

ಉತ್ತರ (ಕ್ಲಬ್ ಯೂತ್ ತಂಡಗಳ ಗೋಲ್‌ಕೀಪಿಂಗ್ ಕೋಚ್): ಒಂದಕ್ಕೆ ಹಾಕಿ. ಅದೇ ಬಯೋಡೇಟಾ ಎರಡೂ ಕಡೆ ಬಂದರೆ, ಇವರಿಗೆ ಯಾವುದಾದರೂ ಒಂದು ಕೆಲಸ ಸಿಕ್ಕರೆ ಸಾಕು ಅಂತ ಅವರಿಗೆ ಗೊತ್ತಾಗಿಬಿಡುತ್ತದೆ. ಎರಡೂ ಬೇರೆ ಬೇರೆ ಕೆಲಸ. ಯೂತ್ ಕೋಚ್ ಕೈಯಲ್ಲಿ ಇಪ್ಪತ್ತು ಮಕ್ಕಳು, ಅವರ ಹಿಂದೆ ನಲವತ್ತು ಅಪ್ಪ ಅಮ್ಮಂದಿರು. ಗೋಲ್‌ಕೀಪಿಂಗ್ ಕೋಚ್‌ಗೆ ಐದಾರು ಮಕ್ಕಳು, ಆದರೆ ಇವತ್ತು 13ರೊಳಗಿನ ತಂಡ, ನಾಳೆ 18ರೊಳಗಿನ ತಂಡ.

ಆಡಿದ ಅನುಭವ ಗೇಟಿನ ತನಕ ಕರೆದುಕೊಂಡು ಹೋಗುತ್ತದೆ. ಒಳಗೆ ಹೋದ ಮೇಲೆ ನೋಡುವುದು ಡೆಮೊ ಸೆಷನ್. ಮೂರು ಕೀಪರ್ ಹುಡುಗರು, ಇಪ್ಪತ್ತು ನಿಮಿಷ, ಒಂದು ವಿಷಯ. ಮುಕ್ಕಾಲು ಪಾಲು ಜನ ಇಲ್ಲೇ ಬೀಳುತ್ತಾರೆ. ನಾನೂ ಬಿದ್ದಿದ್ದೇನೆ. ನನ್ನ ಮೊದಲ ಡೆಮೊದಲ್ಲಿ ಹುಡುಗನನ್ನು ಕೂರಿಸಿ ಎಡಕ್ಕೊಂದು, ಬಲಕ್ಕೊಂದು ಬಾಲ್ ಒದ್ದು ಮೂವತ್ತು ಡೈವ್ ಹೊಡೆಸಿದೆ. ಹುಡುಗ ಬೆವರಿ ನೀರಾದ, ನೋಡೋಕೆ ಭರ್ಜರಿ. ಪಕ್ಕದಲ್ಲಿ ನಿಂತಿದ್ದ ಹಿರಿಯ ಕೋಚ್ ಒಂದೇ ಮಾತು ಕೇಳಿದರು: 'ಇದು ಮ್ಯಾಚ್‌ನಲ್ಲಿ ಯಾವಾಗ ಬರುತ್ತೆ?' ಉತ್ತರ ಇರಲಿಲ್ಲ. ಕೆಲಸವೂ ಸಿಗಲಿಲ್ಲ.

ಕೀಪರ್ ಅಂದರೆ ಡೈವ್ ಅನ್ನೋ ಕಾಲ ಹೋಯಿತು. 1992ರಲ್ಲಿ ಬ್ಯಾಕ್‌ಪಾಸ್ ನಿಯಮ ಬಂದಾಗಿನಿಂದ, ತನ್ನ ತಂಡದವನು ಬೇಕಂತಲೇ ಕಾಲಲ್ಲಿ ಕೊಟ್ಟ ಬಾಲನ್ನು ಕೀಪರ್ ಕೈಯಲ್ಲಿ ಹಿಡಿಯುವ ಹಾಗಿಲ್ಲ. 2025ರಿಂದ ಇನ್ನೊಂದು ಸೇರಿದೆ. ಬಾಲ್ ಕೈಯಲ್ಲಿ ಎಂಟು ಸೆಕೆಂಡಿಗಿಂತ ಜಾಸ್ತಿ ಇದ್ದರೆ ಎದುರಾಳಿಗೆ ಕಾರ್ನರ್, ಅಂದರೆ ಮೈದಾನದ ಮೂಲೆಯಿಂದ ಒದೆಯುವ ಅವಕಾಶ. ಕೊನೆಯ ಐದು ಸೆಕೆಂಡು ರೆಫರಿ ಕೈ ಎತ್ತಿ ಬೆರಳಲ್ಲಿ ಎಣಿಸುತ್ತಾರೆ. ಹಿಡಿಯುವಾಗಲೇ ಮುಂದೆ ಯಾರಿಗೆ ಕೊಡಬೇಕು ಅಂತ ನೋಡಿಕೊಳ್ಳುವ ಹುಡುಗ ಬೇಕು. ಅದನ್ನು ಹೇಳಿಕೊಡುವ ಕೋಚ್ ಬೇಕು.

ಅದೇ ಸದಸ್ಯರು: ಡಿ ಲೈಸೆನ್ಸ್ ಸಾಕಾ ಸಾರ್?

ಉತ್ತರ: ಅರ್ಜಿ ಹಾಕೋಕೆ ಸಾಕಾಗಬಹುದು, ನೆಲೆ ನಿಲ್ಲೋಕೆ ಸಾಲದು. ಡಿ ಆದ ಮೇಲೆ ಸಿ, ಬಿ, ಎ, ಕೊನೆಗೆ ಪ್ರೊ. ಗೋಲ್‌ಕೀಪಿಂಗ್ ಕೋರ್ಸ್‌ನ ಮೆಟ್ಟಿಲು ಬೇರೆಯೇ ಇದೆ, ಮೊದಲು ಅದನ್ನು ಹತ್ತಿ. ಕೋರ್ಸ್‌ಗೆ ಸೇರಿದ್ದರೆ ಮಾತ್ರ ಸೇರಿದ್ದೇನೆ ಅಂತ ಬರೆಯಿರಿ. ಸುಮ್ನೆ ಬರೆದು ಸಿಕ್ಕಿಬಿದ್ದವರನ್ನು ನೋಡಿದ್ದೇನೆ.

ಪೊಲೀಸ್ ವೆರಿಫಿಕೇಷನ್ ಪತ್ರ ಈಗಲೇ ಮಾಡಿಸಿ ಇಟ್ಟುಕೊಳ್ಳಿ. ಮಕ್ಕಳ ಜೊತೆಗಿನ ಕೆಲಸ ಅಲ್ವಾ. ನಮ್ಮ ಕೆಲಸದಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ. ಉಳಿದವರು ಮೈದಾನದ ನಡುವೆ ಇದ್ದರೆ ನಾವು ಒಂದಿಬ್ಬರು ಮಕ್ಕಳನ್ನು ಕರೆದುಕೊಂಡು ಮೂಲೆಗೆ ಹೋಗುತ್ತೇವೆ. ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲೇ ನಿಲ್ಲಿ. ಮಗುವಿನ ಫೋನಿಗೆ ನೇರ ಮೆಸೇಜ್ ಬೇಡ, ಅಪ್ಪ ಅಮ್ಮ ಇರುವ ಗುಂಪಿನಲ್ಲೇ ಹಾಕಿ. ಸಂದರ್ಶನದಲ್ಲಿ ಕೇಳದಿದ್ದರೂ ಇದನ್ನು ನೀವಾಗೇ ಹೇಳಿ.

ಪ್ರಶ್ನೆ (ಹುಬ್ಬಳ್ಳಿ, ತಾಯಿ): ಮಧ್ಯೆ ಬಾಯಿ ಹಾಕ್ತಿದ್ದೇನೆ ಸಾರ್. ಮಗನಿಗೆ 11. ಕ್ಲಾಸಿಗೇ ಉದ್ದ. ಅದಕ್ಕೇ ಕೋಚ್ ಅವನನ್ನು ಗೋಲಲ್ಲೇ ನಿಲ್ಲಿಸುತ್ತಾರೆ. ಬಾಲ್ ತಲೆ ಮೇಲೆ ಹೋದರೆ ಬೈಗುಳ. ಮನೆಗೆ ಬಂದು ಅಳುತ್ತಾನೆ.

ಉತ್ತರ: ಮೇಡಂ, ದೊಡ್ಡವರ ಗೋಲ್ ಕಂಬದ ಎತ್ತರ 2.44 ಮೀಟರ್, ಅಗಲ 7.32. ಅದರಲ್ಲಿ 11ರ ಹುಡುಗನನ್ನು ನಿಲ್ಲಿಸಿದರೆ ಬಾಲ್ ತಲೆ ಮೇಲೆ ಹೋಗಲೇಬೇಕು. ತಪ್ಪು ಕಂಬದ್ದು, ಮಗುವಿನದಲ್ಲ. ಚಿಕ್ಕ ಗೋಲ್, 4ನೇ ಸೈಜಿನ ಬಾಲ್ ಕೊಡಿ ಅಂತ ಕೇಳಿ.

ಭಾರತ ತಂಡಕ್ಕೆ ಗೋಲ್ ಕಾದ ಗುರ್‌ಪ್ರೀತ್ ಸಿಂಗ್ ಸಂಧು ಎತ್ತರ ನೋಡಿ ಎಲ್ಲರೂ ಉದ್ದದ ಮಕ್ಕಳನ್ನೇ ಹುಡುಕುತ್ತಾರೆ. ಆತ ನಾರ್ವೆಯ ಸ್ಟಾಬೆಕ್ ಕ್ಲಬ್‌ಗೆ ಹೋಗಿ, 2016ರಲ್ಲಿ ಯುರೋಪಿನ ಕ್ಲಬ್‌ಗಳ ಟೂರ್ನಿ ಯುರೋಪಾ ಲೀಗ್‌ನ ಅರ್ಹತಾ ಪಂದ್ಯ ಆಡಿದ ಮೊದಲ ಭಾರತೀಯ ಆದದ್ದು ಬರೀ ಎತ್ತರದಿಂದ ಅಲ್ಲ. 11ಕ್ಕೆ ಉದ್ದ ಇದ್ದವನು 16ಕ್ಕೆ ಎಲ್ಲರಷ್ಟೇ ಇರಬಹುದು. ಬೇಗ ಬೆಳೆದಿರುತ್ತಾನೆ, ಅಷ್ಟೇ. ಅರ್ಧ ಆಟ ಹೊರಗೆ ಆಡಲಿ, ಅರ್ಧ ಗೋಲಲ್ಲಿ ನಿಲ್ಲಲಿ. ಕಾಲಿನ ಆಟ ಬಂದರೆ ಮುಂದೆ ಕೀಪರ್ ಆದರೂ ಉಪಯೋಗಕ್ಕೆ ಬರುತ್ತದೆ. ಒಪ್ಪದ ಕೋಚ್ ಆದರೆ ಕೋಚ್ ಬದಲಿಸಿ. ಖಾರವಾಗಿ ಹೇಳುತ್ತಿದ್ದೇನೆ, ಬೇಜಾರಾಗಬೇಡಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಸಂಬಳ ಎಷ್ಟು ಬರುತ್ತೆ ಅಂತ ಯಾರೂ ಹೇಳಲ್ಲ. ಮನೆ ನಡೆಯುತ್ತಾ?

ಉತ್ತರ: ಕ್ಲಬ್‌ನಿಂದ ಕ್ಲಬ್‌ಗೆ ಬೇರೆ, ನಾನು ಒಂದು ಅಂಕಿ ಹೇಳಿದರೆ ದಾರಿ ತಪ್ಪಿಸಿದ ಹಾಗೆ. ಮೊತ್ತಕ್ಕಿಂತ ಮೊದಲು ಎಷ್ಟು ತಿಂಗಳ ಕರಾರು ಅಂತ ಕೇಳಿ. ಆಟದ ಋತು ಮುಗಿದ ಮೇಲೆ ಸಂಬಳ ಇದೆಯಾ, ಗಾಯವಾದರೆ ವಿಮೆ ಯಾರದು, ಅದೂ ಕೇಳಿ. 2025ರಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಸಮಯಕ್ಕೆ ಶುರುವಾಗಲೇ ಇಲ್ಲ. ಆಟಗಾರರಷ್ಟೇ ಅಲ್ಲ, ಕೋಚ್‌ಗಳೂ ಮನೆಯಲ್ಲಿ ಕೂತರು. ಕೈಯಲ್ಲಿರುವ ಕೆಲಸ ಮೊದಲ ದಿನವೇ ಬಿಡಬೇಡಿ.

ಊರು ಯಾವುದು ಅಂತಲೂ ಕೇಳಿ. ಬೆಂಗಳೂರು ಎಫ್‌ಸಿ ಹೆಸರು ಕೇಳಿ ಕಂಠೀರವ ಅಂದುಕೊಳ್ಳುತ್ತೀರಿ. ವಸತಿ ಅಕಾಡೆಮಿ ನಡೆಸಿದ್ದು ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಹತ್ತಿರ. ಸಂಸಾರ ಇರುವವರಿಗೆ ಇದು ಸಣ್ಣ ವಿಷಯ ಅಲ್ಲ.

ಆಸ್ಟಿನ್ ಟೌನ್ ಸದಸ್ಯರು: ಗೋಲ್‌ಕೀಪಿಂಗ್‌ಗೇ ಹಾಕಿದೆ ಸಾರ್. ಮುಂದಿನ ವಾರ ಡೆಮೊ. ವಿಷಯ 'ಕ್ರಾಸ್ ಬಂದಾಗ', ಅಂದರೆ ಮೈದಾನದ ಬದಿಯಿಂದ ಗೋಲಿನ ಮುಂದಕ್ಕೆ ಬಾಲ್ ಒದ್ದಾಗ. ಹೇಗೆ ಮಾಡಲಿ?

ಉತ್ತರ: ಸಂತೋಷ! ಮೊದಲ ಐದು ನಿಮಿಷ ಕಾಲಿಗೂ ಕೈಗೂ ಬಾಲ್ ಸಿಗುವ ವಾರ್ಮಪ್. ಆಮೇಲೆ ಒಬ್ಬ ಗೋಲಲ್ಲಿ, ಒಬ್ಬ ಕ್ರಾಸ್ ಹಾಕಲಿ, ಇನ್ನೊಬ್ಬ ಮುಂದೆ ನಿಂತು ಅಡ್ಡ ಬರಲಿ. ಗೋಲ್ ಬಿಟ್ಟು ಮುಂದೆ ಬರಲಾ, ಬೇಡವಾ ಅನ್ನುವುದನ್ನು ಕೀಪರ್ ಹುಡುಗನೇ ನಿರ್ಧರಿಸಲಿ. 'ಬಾ' ಅಂತ ನೀವು ಕೂಗಬೇಡಿ. ಹಿಡಿದ ತಕ್ಷಣ ದೂರದಲ್ಲಿಟ್ಟ ಎರಡು ಚಿಕ್ಕ ಗೋಲಿನಲ್ಲಿ ಒಂದಕ್ಕೆ ಎಸೆಯಲಿ, ಎಂಟು ಸೆಕೆಂಡಿನೊಳಗೆ. ತಪ್ಪಿದರೆ ನಿಲ್ಲಿಸಿ ಭಾಷಣ ಬೇಡ. 'ಏನು ಕಾಣಿಸಿತು?' ಅಂತ ಕೇಳಿ, ಆಟ ಮುಂದುವರಿಸಿ.

ಮಕ್ಕಳ ಹೆಸರು ಮೊದಲೇ ಕೇಳಿ ನೆನಪಿಟ್ಟುಕೊಳ್ಳಿ. ನಿಮ್ಮ ಗ್ಲೌಸ್ ತೆಗೆದುಕೊಂಡು ಹೋಗಿ. ಮೊಣಕಾಲಿನ ವಿಷಯ ಅವರು ಕೇಳುವ ಮುಂಚೆ ನೀವೇ ಹೇಳಿಬಿಡಿ.